ಹಿರಿಯಣ್ಣನವರ ಉತ್ತರಕ್ರಿಯೆಯ ಇಪ್ಪತ್ತಾರು ಕರಡುಗಳು

ಸಭೆಯ ಅಧ್ಯಕ್ಷರಾದ ಶ್ರೀಮತಿ ವನಮಾಲಾ ಅವರೇ, ನಮ್ಮೆಲ್ಲರ ಕೈಗೆ ಪೆನ್ನು ಹಿಡಿಸಿದ ಆಪ್ತಸಮಾಲೋಚಕಿ ಸೌಮ್ಯಶ್ರೀ ಮೇಡಂ ಅವರೇ, ಹೃದಯವಂತರ ಬರಹ ಬಳಗದ ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರೂ ತಾಲೂಕುಗಳ ಸದಸ್ಯರೇ, ಸ್ಟೆಂಟ್ ಹಾಕಿಸಿಕೊಂಡವರೇ, ಬೈಪಾಸ್ ಮಾಡಿಸಿಕೊಂಡವರೇ, ಎರಡೂ ಬೇಡ ಮಾತ್ರೆಯಲ್ಲೇ ಹೋಗಲಿ ಎಂದು ಹಟ ಹಿಡಿದು ಕೂತವರೇ, ಅವರನ್ನು ಇಲ್ಲಿಯವರೆಗೆ ಕರೆದುಕೊಂಡು ಬಂದು ಹಿಂದಿನ ಸಾಲಿನಲ್ಲಿ ಆಕಳಿಸುತ್ತಿರುವ ಮನೆಯವರೇ, ಮತ್ತು ಯಾವ ಕಾಯಿಲೆಯೂ ಇಲ್ಲದೆ ಬರೀ ಊಟಕ್ಕೆಂದು ಬಂದಿರುವ ಸಭಿಕರೇ, ತಮಗೆಲ್ಲ ವಂದನೆಗಳು.

ಯಾರ ಹೆಸರಾದರೂ ಬಿಟ್ಟುಹೋಗಿದ್ದರೆ ಈಗಲೇ ಕೈ ಎತ್ತಿ. ಆಮೇಲೆ ಮನೆಗೆ ಹೋಗಿ ಮುಖ ದಪ್ಪ ಮಾಡಿಕೊಂಡು ಕೂರಬೇಡಿ. ಹೆಸರು ಬಿಡದಿರುವುದೇ ಈ ಹೆಮ್ಮಾಡಿಯ ಹಿರಿಯಣ್ಣ ಶೆಟ್ಟಿಯ ಕಸುಬು ಎನ್ನುವುದು ನಿಮಗೆಲ್ಲ ಗೊತ್ತು. ಇಪ್ಪತ್ತೆಂಟು ವರ್ಷ ಮುಂಬೈಯಲ್ಲಿ ಕ್ಯಾಂಟೀನ್ ನಡೆಸಿದೆ. ಆಗ ನಾನು ಬರೆದ ಸಾಹಿತ್ಯವೆಂದರೆ ಬೆಳಿಗ್ಗೆ ಎದ್ದು ಹಲಗೆಯ ಮೇಲೆ ಬರೆಯುತ್ತಿದ್ದ ‘ಇಂದಿನ ವಿಶೇಷ’ ಮಾತ್ರ. ಊರಿಗೆ ಬಂದ ಮೇಲೆ ಮದುವೆ ಇರಲಿ, ಮನೆ ಒಕ್ಕಲು ಇರಲಿ, ಸತ್ತವರ ಉತ್ತರಕ್ರಿಯೆಯ ಬೊಜ್ಜ ಇರಲಿ, ಆಮಂತ್ರಣದ ಕಾಗದ ಬರೆಸಲು ಜನ ನನ್ನಲ್ಲಿಗೆ ಬರತೊಡಗಿದರು. ಯಾಕೆ? ಯಾವ ಚಿಕ್ಕಪ್ಪನ ಹೆಸರು ಯಾವ ಭಾವನ ಕೆಳಗೆ ಬಂದರೆ ಊಟದ ಹೊತ್ತಿಗೆ ಜಗಳ ಆಗುತ್ತದೆ ಎಂಬುದು ಮೂರು ತಾಲೂಕಿನಲ್ಲಿ ನನಗೊಬ್ಬನಿಗೇ ಗೊತ್ತು.

ಇವತ್ತು ತಾವು ಶಾಲು ಹೊದಿಸಿದಿರಿ, ಹಾರ ಹಾಕಿದಿರಿ. ಹಾರ ಸ್ವಲ್ಪ ಭಾರ ಆಯಿತು. ಎದೆಯ ರೋಗಿಗಳನ್ನು ಸನ್ಮಾನಿಸುವಾಗ ಮುಂದಿನ ವರ್ಷ ಒಂದೇ ಒಂದು ಹೂವು ಕೊಟ್ಟರೆ ಸಾಕು ಎಂದು ಅಧ್ಯಕ್ಷರಲ್ಲಿ ವಿನಂತಿ. ಈ ಸನ್ಮಾನ ಯಾತಕ್ಕೆ? ಒಂದು ವರ್ಷದಲ್ಲಿ ಹನ್ನೊಂದು ಪುಸ್ತಕ, ತಲಾ ಇನ್ನೂರು ಪುಟ, ತುಂಬಿಸಿದ್ದಕ್ಕೆ. ಆದರೆ ಸಭಿಕರೇ, ಆ ಹನ್ನೊಂದು ಪುಸ್ತಕಗಳಲ್ಲಿ ಏನಿದೆ ಎಂದು ಈ ಸಭೆಯಲ್ಲಿ ಯಾರಾದರೂ ಕೇಳಿದಿರಾ? ಯಾರಾದರೂ ಒಬ್ಬರಾದರೂ ಕೇಳಿದಿರಾ? ಕೇಳಲಿಲ್ಲ. ಕೇಳಿದ್ದರೆ ಶಾಲು ಉಳಿಯುತ್ತಿತ್ತು.

ಹೊಸಬರಿಗಾಗಿ ಒಂದು ಮಾತು. ಸೌಮ್ಯಶ್ರೀ ಮೇಡಂ ಹೇಳಿಕೊಟ್ಟದ್ದು ಬಹಳ ಸರಳ. ದಿನಕ್ಕೆ ಇಪ್ಪತ್ತು ನಿಮಿಷ ಕೂತು ಮನಸ್ಸಿನಲ್ಲಿ ಇದ್ದದ್ದನ್ನು ಬರೆಯಬೇಕು. ತಪ್ಪು-ಒಪ್ಪು ನೋಡಬಾರದು. ಯಾರಿಗೂ ತೋರಿಸಬೇಕಾಗಿಲ್ಲ. ಏನಾಯಿತು ಎಂದಷ್ಟೇ ಬರೆದರೆ ಸಾಲದು, ಆದಾಗ ಒಳಗೆ ಹೇಗಾಯಿತು ಎಂದೂ ಬರೆಯಬೇಕು. ಎದೆಯ ಕಾಯಿಲೆ ಬಂದವರಿಗೆ ಕಾಯಿಲೆಗಿಂತ ಅದರ ಯೋಚನೆಯೇ ಭಾರ, ಅದನ್ನು ಕಾಗದದ ಮೇಲೆ ಇಳಿಸಿದರೆ ಕೆಲವರಿಗೆ ಹಗುರ ಆಗುತ್ತದೆ. ಮಾತ್ರೆ ಮಾತ್ರ ಬಿಡಬಾರದು. ಇದನ್ನು ಅವರು ಪ್ರತಿ ಗುರುವಾರ ಮೂರು ಸಲ ಹೇಳುತ್ತಾರೆ, ಏಕೆಂದರೆ ಬ್ರಹ್ಮಾವರದ ಒಬ್ಬ ಸದಸ್ಯರು ಬರೆಯುತ್ತೇನಲ್ಲ ಎಂದು ಮಾತ್ರೆ ಬಿಟ್ಟು ಮತ್ತೆ ಅಡ್ಮಿಟ್ ಆಗಿದ್ದರು. ಹೆಸರು ಹೇಳುವುದಿಲ್ಲ. ಮೂರನೇ ಸಾಲಿನಲ್ಲಿ ನೀಲಿ ಶರ್ಟು.

ಎಲ್ಲರೂ ಅವರವರ ರೀತಿಯಲ್ಲಿ ಬರೆದರು. ನಮ್ಮ ಅಧ್ಯಕ್ಷರು ಬ್ಯಾಂಕಿನಲ್ಲಿ ಇದ್ದವರು. ಅವರು ತಮ್ಮ ಹೃದಯಕ್ಕೇ ಪತ್ರ ಬರೆದರು. ‘ಮಾನ್ಯರೇ, ತಾವು ಕಳೆದ ಅರವತ್ತೊಂದು ವರ್ಷಗಳಿಂದ ನಮ್ಮಲ್ಲಿ ಸೇವೆ ಸಲ್ಲಿಸುತ್ತಿದ್ದು, ದಿನಾಂಕ ಇಷ್ಟರಂದು ಪೂರ್ವಸೂಚನೆ ಇಲ್ಲದೆ ಕೆಲಸ ನಿಲ್ಲಿಸಲು ಯತ್ನಿಸಿದ್ದಕ್ಕೆ ಏಳು ದಿನಗಳೊಳಗೆ ವಿವರಣೆ ನೀಡತಕ್ಕದ್ದು.’ ಓದಿ ತೋರಿಸಿದಾಗ ನಗುತ್ತಿದ್ದವರು ನಡುವೆ ಅತ್ತುಬಿಟ್ಟರು. ಮರವಂತೆಯ ಐತ ಇದ್ದಾನೆ, ದೋಣಿಗೆ ಹೋಗುತ್ತಿದ್ದವ. ಬಲೆ ಎಳೆಯಬಾರದು ಎಂದು ಡಾಕ್ಟರು ಹೇಳಿದ ಮೇಲೆ ಅವನಿಗೆ ಇಡೀ ಪ್ರಪಂಚದ ಮೇಲೆ ಸಿಟ್ಟು. ದಿನಾ ಇಪ್ಪತ್ತು ನಿಮಿಷ ಸಮುದ್ರಕ್ಕೆ ಬೈದು ಬರೆದ. ಮೂರು ತಿಂಗಳ ಮೇಲೆ ಬೈಗುಳ ಮುಗಿದುಹೋಯಿತಂತೆ. ಈಗ ನಿದ್ರೆ ಬರುತ್ತದೆ ಎನ್ನುತ್ತಾನೆ.

ನಾನೋ? ಮೊದಲ ಎಂಟು ಪುಸ್ತಕ ಆಸ್ಪತ್ರೆಯ ಉಪ್ಪಿಟ್ಟಿನ ಬಗ್ಗೆ ಬರೆದೆ. ರವೆ ಹುರಿಯದೆ ಉಪ್ಪಿಟ್ಟು ಮಾಡುವವರ ಬಗ್ಗೆ ಒಬ್ಬ ಹೋಟೆಲಿನವನಿಗೆ ಎಷ್ಟು ಹೇಳುವುದಿರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಅದೂ ಭಾವನೆಯೇ ತಾನೇ?

ಒಂಬತ್ತನೇ ಪುಸ್ತಕಕ್ಕೆ ಬರುತ್ತೇನೆ. ಅಲ್ಲಿಂದ ವಿಷಯ ಸ್ವಲ್ಪ ಬೇರೆ. ಮೂರು ತಿಂಗಳ ಹಿಂದೆ ಚೆಕಪ್ಪಿಗೆ ಹೋಗಿದ್ದಾಗ ಡಾಕ್ಟರು ಚಿತ್ರ ತೋರಿಸಿ, ಹಿಂದೆ ಸ್ಟೆಂಟ್ ಹಾಕಿದ್ದು ಸಾಲಲಿಲ್ಲ, ಬೈಪಾಸ್ ಮಾಡಲೇಬೇಕು, ತಡ ಮಾಡಬೇಡಿ ಎಂದರು. ನಾನು ಮನೆಗೆ ಬಂದು ಗಿರಿಜಾಳ ಹತ್ತಿರ, ಎಲ್ಲ ಸಮ ಇದೆ, ಮಾತ್ರೆ ಮುಂದುವರಿಸಲು ಹೇಳಿದ್ದಾರೆ ಎಂದೆ.

ಹೀಗೆ ನೋಡಬೇಡಿ. ನಗಬೇಡಿ ಕೂಡ. ಗಿರಿಜಾ ನನ್ನ ಧರ್ಮಪತ್ನಿ, ಈಗ ಹಿಂದಿನ ಅಡುಗೆ ಚಪ್ಪರದಲ್ಲಿ ಇದ್ದಾಳೆ. ಸಾರಿಗೆ ಯಾರೂ ಎಣ್ಣೆ ಜಾಸ್ತಿ ಹಾಕದ ಹಾಗೆ ಕಾವಲು ನಿಂತಿದ್ದಾಳೆ. ಆದ್ದರಿಂದಲೇ ಧೈರ್ಯದಿಂದ ಹೇಳುತ್ತಿದ್ದೇನೆ. ಈ ಮಾತು ಈ ಸಭೆಯಿಂದ ಆಚೆ ಹೋಗಬಾರದು. ಮೈಕಿನ ಗಣಪ ಎಂತಕ್ಕೋ ಎರಡೂ ಕೈ ಬೀಸುತ್ತಿದ್ದಾನೆ. ಕೇಳುವುದಿಲ್ಲವೇ ಗಣಪ? ಸರಿ, ಮೈಕನ್ನು ಹತ್ತಿರ ಹಿಡಿಯುತ್ತೇನೆ. ಈಗ ಕೇಳುತ್ತದಲ್ಲ?

ಡಾಕ್ಟರು ಆಪರೇಷನ್ನಿಗೆ ಒಂದು ತಾರೀಖು ಕೊಟ್ಟರು. ಕೊಟ್ಟ ದಿನವೇ ಮಧ್ಯಾಹ್ನ ನಾನು ಪುಸ್ತಕ ತೆಗೆದು ಕೂತೆ. ಮೇಡಂ ಹೇಳಿದ ಹಾಗೆ ಒಳಗೆ ಹೇಗಾಗುತ್ತಿದೆ ಎಂದು ಬರೆಯಬೇಕು. ಪೆನ್ನು ಓಡಲಿಲ್ಲ. ಉಪ್ಪಿಟ್ಟು ಬಿಟ್ಟರೆ ಹದಿನೈದು ವರ್ಷದಿಂದ ಆ ಕೈ ಬರೆದದ್ದು ಆಮಂತ್ರಣದ ಕಾಗದ ಒಂದೇ. ಹಾಗಾಗಿ ಅದೇ ಬಂತು. ‘ಆತ್ಮೀಯರೇ, ಹೆಮ್ಮಾಡಿಯ ಶ್ರೀ ಹಿರಿಯಣ್ಣ ಶೆಟ್ಟಿಯವರು ದೈವಾಧೀನರಾದ ಪ್ರಯುಕ್ತ ಅವರ ಉತ್ತರಕ್ರಿಯೆಯನ್ನು ಈ ಕೆಳಗಿನ ದಿನದಂದು ಸ್ವಗೃಹದಲ್ಲಿ ನೆರವೇರಿಸಲು ನಿಶ್ಚಯಿಸಿದ್ದು...’ ತಾರೀಖು ಇಲ್ಲದೆ ಕಾಗದ ಆಗುವುದಿಲ್ಲವಲ್ಲ, ಆಪರೇಷನ್ನಿನ ದಿನದಿಂದ ಹದಿಮೂರು ದಿನ ಲೆಕ್ಕ ಹಾಕಿ ಬರೆದೆ.

ಸಭಿಕರೇ, ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಅಷ್ಟು ನೆಮ್ಮದಿ ನನಗೆ ಎಂದೂ ಸಿಕ್ಕಿರಲಿಲ್ಲ. ಸಾಯುವುದು ಹೆದರಿಕೆಯ ವಿಷಯ, ಆದರೆ ಬೊಜ್ಜ ನಡೆಸುವುದು ವ್ಯವಸ್ಥೆಯ ವಿಷಯ. ಚಪ್ಪರ ಎಷ್ಟು ಉದ್ದ, ಎಷ್ಟು ಪಂಕ್ತಿ, ಹಿಂದಿನ ಪುಟದಲ್ಲಿ ಊಟದ ಪಟ್ಟಿ. ಎರಡು ಬಗೆಯ ಪಾಯಸ ಹಾಕಿದೆ. ನನ್ನ ಬೊಜ್ಜಕ್ಕೆ ನಾನೇ ಓಡಾಡುತ್ತಿರುವ ಹಾಗೆ, ಬಡಿಸುವವರನ್ನು ನಾನೇ ಗದರಿಸುತ್ತಿರುವ ಹಾಗೆ ಅನಿಸಿತು. ಇಪ್ಪತ್ತು ನಿಮಿಷ ಎಲ್ಲಿ ಹೋಯಿತೆಂದು ತಿಳಿಯಲಿಲ್ಲ.

ಅಧ್ಯಕ್ಷರು ಚೀಟಿ ಕಳುಹಿಸಿದ್ದಾರೆ. ಸಮಯ ಆಯಿತು ಎಂದಿರುತ್ತದೆ. ಸನ್ಮಾನ ಮಾಡಿ ಮಾತು ಮೊಟಕು ಮಾಡುವುದು ಯಾವ ನ್ಯಾಯ? ಕಿಸೆಯಲ್ಲಿ ಇಟ್ಟುಕೊಂಡಿದ್ದೇನೆ, ಓದುವುದಿಲ್ಲ.

ಆಪರೇಷನ್ನಿನ ದಿನ ಹತ್ತಿರ ಬಂತು. ನಾನು ಡಾಕ್ಟರಿಗೆ ಫೋನ್ ಮಾಡಿ, ಬಸ್ರೂರಿನಲ್ಲಿ ಹತ್ತಿರದವರ ಮದುವೆ ಇದೆ, ಮುಂದಕ್ಕೆ ಹಾಕಿ ಎಂದೆ. ಹಾಕಿದರು. ಹೊಸ ತಾರೀಖು, ಹೊಸ ಕರಡು. ಆಮೇಲೆ ಇನ್ನೊಂದು ಮದುವೆ. ಆಮೇಲೆ ಒಂದು ಮನೆ ಒಕ್ಕಲು. ಆಮೇಲೆ ಬಳಗದ ಇವತ್ತಿನ ಈ ವಾರ್ಷಿಕೋತ್ಸವ. ನಾಲ್ಕು ಸಲ ಆಪರೇಷನ್ ಮುಂದೆ ಹೋಯಿತು, ನಾಲ್ಕು ಸಲ ಬೊಜ್ಜ ಮುಂದೆ ಹೋಯಿತು. ಅದರ ನಡುವೆ ಹೆಸರುಗಳ ಕ್ರಮ ಬದಲಾಗುತ್ತಿತ್ತು. ನನ್ನನ್ನು ನೋಡಲು ಬಾರದ ಒಬ್ಬ ಭಾವ ಕೆಳಗಿಳಿದ, ಕಿತ್ತಳೆ ತಂದುಕೊಟ್ಟ ಒಬ್ಬ ಮೇಲೆ ಹೋದ. ಒಟ್ಟು ಇಪ್ಪತ್ತಾರು ಕರಡು. ಸನ್ಮಾನಕ್ಕೆ ಕಾರಣವಾದ ಕೊನೆಯ ಮೂರು ಪುಸ್ತಕಗಳ ಒಳಗಿನ ಸರಕು ಇದೇ.

ಈಗ ಕಳೆದ ತಿಂಗಳಿನ ಆ ಘಟನೆ. ನಿಮ್ಮಲ್ಲಿ ಅರ್ಧ ಜನ ಅವತ್ತು ನನ್ನ ಮನೆಗೆ ಬಿಳಿ ಬಟ್ಟೆ ಹಾಕಿಕೊಂಡು ಬಂದವರೇ.

ಐತನ ಹೊಸ ಮನೆಯ ಒಕ್ಕಲಿಗೆ ಕಾಗದ ಬರೆದುಕೊಡಬೇಕಿತ್ತು. ಹಾಳೆ ದಂಡ ಮಾಡಿದವನಲ್ಲ ನಾನು, ಅದೇ ಪುಸ್ತಕದ ಎಡಪುಟದಲ್ಲಿ ಬರೆದೆ. ಬಲಪುಟದಲ್ಲಿ ನನ್ನ ಹತ್ತೊಂಬತ್ತನೇ ಕರಡು ಇತ್ತು. ಫೋಟೋ ಹೊಡೆದು ಪ್ರೆಸ್ಸಿನ ಪ್ರೇಮಾನಂದನಿಗೆ ವಾಟ್ಸಾಪಿನಲ್ಲಿ ಕಳುಹಿಸಿದೆ. ‘ಮುನ್ನೂರು ಕಾಪಿ, ಅರ್ಜೆಂಟು’ ಎಂದು ಕೆಳಗೆ ಹಾಕಿದೆ. ಯಾವ ಪುಟದ ಫೋಟೋ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಪ್ರೇಮಾನಂದ ಇಲ್ಲೇ ಕೂತಿದ್ದಾನೆ, ತಲೆ ತಗ್ಗಿಸಿದ್ದಾನೆ. ಆಮೇಲೆ ನಾನು ಅವನನ್ನು ಕೇಳಿದೆ, ಅಲ್ಲ ಮಾರಾಯ, ನಿನಗೆ ಒಂದು ಫೋನ್ ಮಾಡಿ ಕೇಳಬೇಕು ಎಂದಾದರೂ ಅನಿಸಲಿಲ್ಲವಾ? ಅವನು ಕಣ್ಣು ಒರೆಸಿಕೊಂಡು ಹೇಳಿದ, ‘ಯಾರಿಗ್ ಫೋನ್ ಮಾಡುದ್ ಹಿರಿಯಣ್ಣ? ನಿಮ್ಮ ಫೋನಿಂದ ಮನೆಯೋರ್ ಕಳ್ಸಿದ್ರ್ ಅಂದೇಳಿ ಗ್ರಹಿಸ್ದೆ. ನಿಮ್ಮ ಒಂದ್ ಅಕ್ಷರ ನಾನ್ ಇಷ್ಟ್ ವರ್ಷದಲ್ಲಿ ತಿದ್ದಿದ್ನಾ?’ ತಿದ್ದಿಲ್ಲ. ತಿದ್ದಿದರೆ ಬೈಯುತ್ತಿದ್ದವ ನಾನೇ. ಪಾಪ, ಒಂದು ಗಂಟೆ ಪ್ರೆಸ್ಸಿನ ಬಾಗಿಲು ಹಾಕಿ ಅತ್ತನಂತೆ. ಅತ್ತು ಮುಗಿದ ಮೇಲೆ ಮುನ್ನೂರು ಕಾಪಿ ಹೊಡೆದ. ಕಾಯಂ ಗಿರಾಕಿ ತೀರಿಕೊಂಡರೆ ಅವನ ಲೆಕ್ಕದಲ್ಲಿ ಒಂದು ಫ್ಲೆಕ್ಸ್ ಉಚಿತ. ಅದನ್ನೂ ಮಾಡಿಸಿ ಬೆಳಗಾಗುವುದರೊಳಗೆ ಹೆಮ್ಮಾಡಿ ಜಂಕ್ಷನ್ನಿನಲ್ಲಿ ಕಟ್ಟಿಸಿಬಿಟ್ಟ.

ನಾನು ಬೆಳಿಗ್ಗೆ ವಾಕಿಂಗ್ ಹೋದವನು ಜಂಕ್ಷನ್ನಿಗೆ ಬಂದು ನೋಡುತ್ತೇನೆ, ಎಂಟಡಿ ಎತ್ತರದ ನಾನು! ‘ಕಣ್ಣೀರಿನ ಶ್ರದ್ಧಾಂಜಲಿ’. ಶಾಲೆಯ ವಾರ್ಷಿಕೋತ್ಸವದ ಫೋಟೋ ಹಾಕಿದ್ದ. ಪಕ್ಕದವರನ್ನು ಕತ್ತರಿಸಿದ್ದ, ಆದರೆ ಅವರ ಕೈ ನನ್ನ ಹೆಗಲ ಮೇಲೆ ಹಾಗೇ ಉಳಿದಿತ್ತು. ಯಮನೇ ಬಂದು ಹೆಗಲು ಹಿಡಿದ ಹಾಗೆ ಕಾಣುತ್ತಿತ್ತು. ಬೈಂದೂರಿಗೆ ಹೋಗುವ ಬಸ್ಸಿನ ಕಂಡಕ್ಟರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಒಮ್ಮೆ ಫ್ಲೆಕ್ಸ್ ನೋಡಿದ, ಒಮ್ಮೆ ನನ್ನನ್ನು ನೋಡಿದ. ‘ಹ್ವಾಯ್, ನಿಮ್ಮಣ್ಣನಾ? ನಿಮ್ ಕಣಂಗೇ ಇದ್ರಲೆ!’ ಎಂದ. ನಾನು ಹೌದು ಎಂದೆ. ಇನ್ನೇನು ಹೇಳುವುದು?

ಮನೆಯಲ್ಲಿ ಅಷ್ಟರಲ್ಲಿ ಗಿರಿಜಾಳ ತಂಗಿ ಬ್ರಹ್ಮಾವರದಿಂದ ಫೋನ್ ಮಾಡಿ ಗೊಳೋ ಎಂದು ಅಳುತ್ತಿದ್ದಳಂತೆ. ‘ಭಾವ ಹೋದ್ರಂಬ್ರಲೆ ಅಕ್ಕಾ?’ ಗಿರಿಜಾ ಹೇಳಿದಳಂತೆ, ‘ಹೌದೇ, ಆಗ್ಳೇ ಹೋಯ್ರ್, ಚಾ ಕುಡ್ದ್ ಹೋಯ್ರ್. ಎಂಟ್ ಗಂಟಿಗೆ ಗಂಜಿಗ್ ಬತ್ರ್. ನೀ ಎಂತಕ್ ಮರ್ಕುದ್?’

ಆ ದಿನ ನೂರಾ ಹತ್ತು ಜನ ಬಂದರು. ಎಲ್ಲರಿಗೂ ನಾನೇ ಚಾ ಕೊಟ್ಟೆ. ನನ್ನ ಕೈಯಿಂದ ಲೋಟ ತೆಗೆದುಕೊಳ್ಳಲು ಕೆಲವರು ಹಿಂದೆ ಮುಂದೆ ನೋಡಿದರು.

ಜನ ಹೋದ ಮೇಲೆ ಗಿರಿಜಾ ನನ್ನ ಪುಸ್ತಕಗಳನ್ನು ಜಗಲಿಯಲ್ಲಿ ಇಟ್ಟುಕೊಂಡು ಕೂತಳು. ಇಪ್ಪತ್ತಾರರಲ್ಲಿ ಆಗ ಆಗಿದ್ದ ಹತ್ತೊಂಬತ್ತನ್ನೂ ಓದಿದಳು. ನಾನು ಎದುರು ಕೂತಿದ್ದೆ. ಅಳುತ್ತಾಳೆ ಎಂದುಕೊಂಡೆ. ಅವಳು ಪೆನ್ನು ಕೇಳಿದಳು. ಒಂದು ಪಾಯಸ ಹೊಡೆದುಹಾಕಿ, ‘ಬೊಜ್ಜಕ್ಕೆ ಎರಡ್ ಪಾಯ್ಸ ಯಾರ್ ಮಾಡ್ತ್ರ್? ಮದ್ವಿಯಾ ಇದ್?’ ಎಂದಳು. ಆಮೇಲೆ ತಾರೀಖುಗಳ ಮೇಲೆ ಬೆರಳಿಟ್ಟು, ‘ಇದ್ ಎಂತಕ್ ಬದ್ಲ್ ಆತಾ ಇತ್ತ್?’ ಎಂದು ಕೇಳಿದಳು. ನನಗೆ ಬಾಯಿಗೆ ಬಂದದ್ದು ಇಷ್ಟೇ, ಇದು ಸೌಮ್ಯಶ್ರೀ ಮೇಡಂ ಕೊಟ್ಟ ಹೋಮ್‌ವರ್ಕು.

ಮೇಡಂ, ಈ ಭಾಗಕ್ಕಾಗಿಯೇ ನಾನು ಇವತ್ತು ಮಾತಾಡಲು ಒಪ್ಪಿದ್ದು. ಅವತ್ತು ನಿಮಗೆ ಗಿರಿಜಾಳ ಫೋನ್ ಬಂತಲ್ಲ, ಮುಕ್ಕಾಲು ಗಂಟೆ ಬೈಗುಳ ಬಂತಲ್ಲ, ಜೀವಂತ ಗಂಡನ ಬೊಜ್ಜ ಬರೆಸುವ ನಿಮ್ಮಂಥವರಿಗೆ ಸರ್ಟಿಫಿಕೇಟ್ ಕೊಟ್ಟವರಾರು ಎಂದು ಕೇಳಿದಳಲ್ಲ, ಆ ಬೈಗುಳ ನನಗೆ ಸೇರಬೇಕಾದದ್ದು. ನೀವು ಒಂದು ಮಾತು ತಿರುಗಿ ಆಡಲಿಲ್ಲ. ನನ್ನ ಸುಳ್ಳನ್ನು ಅವಳಿಗೆ ಹೇಳಲೂ ಇಲ್ಲ. ಮರುದಿನ ಗುರುವಾರ ನನ್ನನ್ನು ಕರೆದು, ‘ಹಿರಿಯಣ್ಣನವರೇ, ಇಷ್ಟೆಲ್ಲ ಬರೆದಿದ್ದೀರಿ, ಇದರಲ್ಲಿ ನೀವು ಎಲ್ಲಿದ್ದೀರಿ?’ ಎಂದು ಮಾತ್ರ ಕೇಳಿದಿರಿ. ಮೊದಲ ಸಾಲಿನಲ್ಲೇ ಇದ್ದೇನಲ್ಲ, ದಪ್ಪಕ್ಷರದಲ್ಲಿ, ಎಂದು ನಾನು ನಕ್ಕೆ. ಸಭೆಯ ಎದುರು ನಿಮ್ಮ ಕ್ಷಮೆ ಕೇಳುತ್ತೇನೆ.

ಇನ್ನೊಂದು ಚೀಟಿ ಬಂತು. ಅಧ್ಯಕ್ಷರೇ, ಮುಗಿಸುತ್ತೇನೆ. ಗಣಪ, ನೀನು ಕೂತುಕೋ ಮಾರಾಯ, ಎಷ್ಟು ಹತ್ತಿರ ಹಿಡಿಯುವುದು, ನುಂಗುವುದು ಮಾತ್ರ ಬಾಕಿ.

ಡಾಕ್ಟರು ಐದನೇ ಸಲ ತಾರೀಖು ಕೊಟ್ಟಿದ್ದಾರೆ. ಬರುವ ಬುಧವಾರ. ಇನ್ನು ಮುಂದಕ್ಕೆ ಹಾಕಿದರೆ ಏನಾಗುತ್ತದೆ ಎಂದು ನಾನು ಹೇಳಲಾರೆ ಎಂದಿದ್ದಾರೆ. ಬರುತ್ತೇನೋ ಇಲ್ಲವೋ ಎಂದು ಇವತ್ತು ಸಂಜೆ ಐದರೊಳಗೆ ಹೇಳಬೇಕಂತೆ. ಈಗ ಒಂದೂವರೆ. ಮುಹೂರ್ತ ಸರಿ ಇಲ್ಲ ಎಂದು ಹೇಳಿಬಿಡೋಣ ಎಂದು ಬೆಳಿಗ್ಗೆಯಿಂದ ಯೋಚಿಸುತ್ತಿದ್ದೇನೆ. ಬುಧವಾರ ಯಾರದಾದರೂ ಮದುವೆ ಇದೆಯೇ? ನಿಮ್ಮಲ್ಲಿ ಯಾರ ಮನೆಯಲ್ಲಾದರೂ? ಒಂದು ನಾಮಕರಣವಾದರೂ?

ಯಾಕೆ ಎಲ್ಲರೂ ಪಕ್ಕದ ಬಾಗಿಲಿನ ಕಡೆ ನೋಡುತ್ತಿದ್ದೀರಿ?

ಚೀಟಿ ಓದುತ್ತೇನೆ, ಸ್ವಲ್ಪ ತಡೆಯಿರಿ. ಕನ್ನಡಕ. ‘ಅಡುಗೆ ಚಪ್ಪರದಲ್ಲೂ ಒಂದು ಸ್ಪೀಕರ್ ಬಾಕ್ಸ್ ಕಟ್ಟಿದ್ದಾರೆ. ಎಲ್ಲವೂ ಕೇಳುತ್ತಿದೆ. ದಯವಿಟ್ಟು ಬೇರೆ ವಿಷಯ ಮಾತಾಡಿ.’ ಎರಡನೆಯದರಲ್ಲೂ ಅದೇ ಇದೆ, ‘ದಯವಿಟ್ಟು’ ಮಾತ್ರ ಇಲ್ಲ.

ಹೂಂ. ಗಿರಿಜಾ ಬಾಗಿಲಲ್ಲಿ ನಿಂತಿದ್ದಾಳೆ. ಕೈಯಲ್ಲಿ ಸೌಟು ಇದೆ.

ಸಭಿಕರೇ, ಈವರೆಗೆ ನಾನು ಹೇಳಿದ್ದೆಲ್ಲ ಒಂದು ಕಾಲ್ಪನಿಕ ಕಥೆ. ಬಳಗದಲ್ಲಿ ಕಥೆ ಬರೆಯುವ ಅಭ್ಯಾಸವೂ ಇದೆ ಎಂದು ತೋರಿಸಲು...

ಇಲ್ಲ. ಅವಳು ನಂಬುವ ಹಾಗೆ ಕಾಣುವುದಿಲ್ಲ. ಸುಳ್ಳು ಸಾಕು.

ಹೋದ ವರ್ಷ ನನ್ನನ್ನು ಐಸಿಯುವಿನಿಂದ ಹೊರಗೆ ತಂದಾಗ ಇವಳು ಕಾರಿಡಾರಿನ ಕುರ್ಚಿಯಲ್ಲಿ ಕೂತಿದ್ದಳು. ಮೂರು ದಿನದಿಂದ ಅಲ್ಲೇ ಇದ್ದಳಂತೆ. ಒಳಗೆ ಹೋಗುವಾಗ ನನ್ನ ಚಪ್ಪಲಿ ತೆಗೆದು ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ ಕೊಟ್ಟಿದ್ದರು. ಅದನ್ನು ಮಡಿಲಲ್ಲಿ ಇಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಪಕ್ಕದ ಕುರ್ಚಿ ಖಾಲಿ ಇತ್ತು, ಅಲ್ಲಿ ಇಡಬಹುದಿತ್ತು. ಇಟ್ಟಿರಲಿಲ್ಲ. ಅದನ್ನು ನೋಡಿದ ಮೇಲೆ ನನಗೆ ಇವಳನ್ನು ಇನ್ನೊಮ್ಮೆ ಆ ಕುರ್ಚಿಯಲ್ಲಿ ಕೂರಿಸಲು ಮನಸ್ಸು ಬರಲಿಲ್ಲ. ಅದಕ್ಕೇ ಹೇಳಲಿಲ್ಲ. ಇದು ಅರ್ಧ ಸತ್ಯ. ಇನ್ನರ್ಧ ಎರಡು ಸಾವಿರದ ಇನ್ನೂರು ಪುಟದಲ್ಲಿ ಎಲ್ಲಿಯೂ ಇಲ್ಲ.

ಗಿರಿಜಾ, ನಂಗ್ ಹೆದ್ರಿಕೆ ಆತ್ತ್ ಮಾರಾಯ್ತಿ. ಎದಿ ಕೊಯ್ತ್ರ್ ಅಂಬ್ರ್. ಮತ್ತೆ ಎಚ್ಚರ ಆತ್ತೋ ಇಲ್ಯೋ ಗೊತ್ತಿಲ್ಲೆ. ನಂಗ್ ಸಾಯುಕ್ ಮನ್ಸಿಲ್ಲೆ. ನಿನ್ನ್ ಬಿಟ್ಟ್ ಹೋಪುಕ್ ಮನ್ಸಿಲ್ಲೆ. ಆಸ್ಪತ್ರಿಗ್ ಒಬ್ನೇ ಹೋಪುಕ್ ಧೈರ್ಯ ಇಲ್ಲೆ. ನೀ ಬತ್ಯಾ?

ಕ್ಷಮಿಸಿ. ಒಂದು ನಿಮಿಷ.

ಅವಳು ವೇದಿಕೆಗೆ ಬರುತ್ತಿದ್ದಾಳೆ. ಗಣಪ, ಮೆಟ್ಟಿಲ ಹತ್ತಿರದ ವಯರ್ ಸರಿಸು, ಎಡವುತ್ತಾಳೆ. ಸೌಟನ್ನು ಅಧ್ಯಕ್ಷರ ಕೈಗೆ ಕೊಟ್ಟಳು. ಅಧ್ಯಕ್ಷರು ಹಿಡಿದುಕೊಂಡಿದ್ದಾರೆ. ಶಾಲಿನ ತುದಿಯಿಂದ ನನ್ನ ಮುಖ ಒರೆಸಿದಳು, ಸ್ವಲ್ಪ ಜೋರಾಗಿಯೇ ಒರೆಸಿದಳು. ಈಗ ಮೇಜಿನ ಮೇಲಿದ್ದ ನನ್ನ ಫೋನ್ ತೆಗೆದುಕೊಂಡು ಹೊರಗೆ ಹೋಗುತ್ತಿದ್ದಾಳೆ.

ಗಿರಿಜಾ, ನಿಲ್ಲ್. ಡಾಕ್ಟ್ರ್ ಅಂದೇಳಿ ಹುಡ್ಕಿರೆ ಸಿಕ್ಕುದಿಲ್ಲೆ. ನಿಂಗ್ ಗೊತ್ತಾಪುಕಾಗ ಅಂದೇಳಿ ‘ಗೊಬ್ಬರದ ಅಂಗಡಿ’ ಅಂತ ಹಾಕಿದ್ದೆ. ಎರಡ್ ಗೊಬ್ಬರದ ಅಂಗಡಿ ಇತ್ತ್. ಎರಡ್ನೇದ್. ಮೊದಲ್ನೇದಕ್ ಮಾಡಿ ಬುಧವಾರ ಬತ್ತೊ ಅಂದ್ರೆ ಅವ ಯೂರಿಯಾ ಕಳ್ಸ್ತ.

ಮಾತಾಡುತ್ತಿದ್ದಾಳೆ. ಸಭಿಕರೇ, ಡಾಕ್ಟರಿಗೂ ಮುಕ್ಕಾಲು ಗಂಟೆ ಆಗುವ ಮೊದಲು ನಾನು ಅಲ್ಲಿಗೆ ಹೋಗುವುದು ಒಳ್ಳೆಯದು. ಶಾಲು ಕೊಟ್ಟವರಿಗೆ, ಬೈಗುಳ ತಿಂದವರಿಗೆ, ಸೌಟು ಹಿಡಿದು ಕೂತಿರುವ ಅಧ್ಯಕ್ಷರಿಗೆ, ಕೇಳಿಸಬಾರದ ಕಡೆಗೂ ಕೇಳಿಸಿದ ಗಣಪನಿಗೆ, ತಮಗೆಲ್ಲರಿಗೂ ಧನ್ಯವಾದ. ನಮಸ್ಕಾರ.